ಕಪ್ಪಿನ ಡಬ್ಬಿ, ನೀಲಿಯ ಡಬ್ಬಿ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಹನಿ ಹಾಕಲಿಲ್ಲ. ನಿನ್ನೆಯೂ ಇಲ್ಲ. ಮೊನ್ನೆ ನೆನಪಿಲ್ಲ. ಹಾಕಿಲ್ಲ ಎಂದೇ ಇಟ್ಟುಕೊಳ್ಳೋಣ.

ಈ ನೋಟ್‌ಬುಕ್ ಶುರು ಮಾಡಿಸಿದವಳು ಕಣ್ಣಾಸ್ಪತ್ರೆಯ ನರ್ಸು. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ, ಹಾಕಿದ ಕೂಡಲೇ ಬರೆದಿಡಬೇಕು ಅಂದಿದ್ದಳು. ಮೊದಲ ಹದಿನಾಲ್ಕು ಪುಟ ಬರೀ 'ಹಾಕಿದೆ, ಹಾಕಿದೆ'. ಆಮೇಲೆ ಜೀನ್ಸಿನ ಅಳತೆಗಳು. ಆಮೇಲೆ ಮನೆಯವರ ಮೇಲಿನ ಸಿಟ್ಟು. ಈಗ ಯಾರಿಗೂ ತೋರಿಸುವ ಹಾಗಿಲ್ಲ.

ಇವತ್ತು ಹನ್ನೊಂದು ಪ್ಯಾಂಟು. ಕೆಜೇಟಿಯಾ ಮಾರ್ಕೆಟ್ಟಿಗೆ ಹಡಗಿನಲ್ಲಿ ಬರುವ ಹಳೆ ಬಟ್ಟೆಯ ಮೂಟೆಯಲ್ಲಿ ಆರಿಸಿದ್ದು. ಸತ್ತ ಬಿಳಿಯರ ಬಟ್ಟೆ ಅನ್ನುತ್ತಾರೆ ಜನ... ಬದುಕಿದ್ದವರು ಇಂಥದ್ದನ್ನು ಬಿಸಾಡುತ್ತಾರೆಯೇ ಅಂತ. ಮೊದಲು ಜೇಬು ತಡಕಬೇಕು. ಒಂದರಲ್ಲಿ ರೈಲು ಟಿಕೆಟ್ಟು, ಒಂದರಲ್ಲಿ ಒಣಗಿದ ಚೂಯಿಂಗ್ ಗಮ್ಮು. ಆರಕ್ಕೆ ಕೆಳಗಿನ ಅಗಲ ಕತ್ತರಿಸಿ ಬಿಗಿ ಮಾಡಬೇಕು. ಈಗಿನ ಹುಡುಗರಿಗೆ ಒಳಗೆ ಹೋದ ಕಾಲು ಹೊರಗೆ ಬರಬಾರದು. ಐದಕ್ಕೆ ಸೊಂಟ ಬಿಡಿಸಬೇಕು. ಎಲ್ಲಕ್ಕೂ ಬಣ್ಣ.

ಅತ್ತೆ ದೂಫಿಯೆ ಬೆಳಿಗ್ಗೆಯೇ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟಿದ್ದಾರೆ. ಹೆಂಡತಿ ಅಫ್ರಕೋಮಾಳ ತಾಯಿ, ಎರಡು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ಎಪ್ಪತ್ತನಾಲ್ಕು ವಯಸ್ಸು. ಕನ್ನಡಕ ಇಲ್ಲ. ನನಗೆ ಐವತ್ತೆರಡು, ದಾರ ಹಿಡಿದುಕೊಂಡು ಸೂಜಿಯ ಸುತ್ತ ಪ್ರದಕ್ಷಿಣೆ ಹಾಕುತ್ತೇನೆ.

ಬಾಗಿಲ ಚೌಕಟ್ಟು ಮತ್ತೆ ಎಡ ಹುಬ್ಬಿಗೆ ಬಡಿಯಿತು. ಹತ್ತೊಂಬತ್ತು ವರ್ಷದಿಂದ ಅದೇ ಜಾಗದಲ್ಲಿರುವ ಚೌಕಟ್ಟು. ಇತ್ತೀಚೆಗೆ ಅಡ್ಡ ಬರಲು ಶುರು ಮಾಡಿದೆ.

ಮಾರ್ಚ್ 9, ಭಾನುವಾರ

ಹನಿ ಇಲ್ಲ. ಹಾಕಿ ಏನು ಪ್ರಯೋಜನ? ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಷ್ಟೇ — ಡಾಕ್ಟರರೇ ಹೇಳಿದ್ದು. ಯಾರಿಗೂ ಕಾಣದ ಹಾಗೆ ಎಂಟು ತಿಂಗಳು ಹಾಕಿದೆ. ಉರಿ ಬಂತು, ಕಣ್ಣು ಬರಲಿಲ್ಲ. ಬಿಟ್ಟೆ.

ನರ್ಸು ಹೆದರಿಸಿದಷ್ಟು ಕೆಟ್ಟಿಲ್ಲ ನನ್ನ ಕಣ್ಣು. ನಿನ್ನೆ ಕಾಲೇಜಿನ ಹುಡುಗಿಯೊಬ್ಬಳು ಪ್ಯಾಂಟು ತೆಗೆದುಕೊಂಡು ಹೋಗುವಾಗ, ನೀಲಿ ಅಂದ್ರೆ ಇದು ನೀಲಿ, ಹೊಸದನ್ನೂ ಮೀರಿಸ್ತು ಅಂದಳು. ನನಗೆ ಅದು ಕಪ್ಪೋ ನೀಲಿಯೋ ಕಾಣುತ್ತಿರಲಿಲ್ಲ. ನಕ್ಕೆ.

ನನ್ನ ಹತ್ತಿರ ಎರಡು ಹಾಲಿನ ಪುಡಿಯ ಡಬ್ಬಿಗಳಿವೆ. ಒಂದೇ ಗಾತ್ರ, ಒಂದೇ ತುಕ್ಕು. ಒಂದರಲ್ಲಿ ಕಪ್ಪು ಬಣ್ಣ, ಒಂದರಲ್ಲಿ ಕಡುನೀಲಿ. ಪುಡಿಯಾಗಿರುವಾಗ ಎರಡೂ ಇದ್ದಿಲಿನ ಪುಡಿಯೇ. ಒದ್ದೆ ಕಾಗದದ ಮೇಲೆ ಒಂದು ಚಿಟಿಕೆ ಉದುರಿಸಿ ನೋಡಬೇಕು. ನೀಲಿಯಾದರೆ ಅಂಚಿಗೆ ನೀಲಿ ಹರಡುತ್ತದೆ, ಕಪ್ಪಾದರೆ ಬೂದು. ಡಿಸೆಂಬರಿನಿಂದ ನನಗೆ ಎರಡರ ಅಂಚೂ ಬೂದು. ಆದರೂ ಒಂದೇ ಒಂದು ಪ್ಯಾಂಟು ತಪ್ಪಿಲ್ಲ. ಬಲಗಡೆ ಕೈ ಹಾಕುತ್ತೇನೆ, ಬೇಕಾದ ಬಣ್ಣವೇ ಬರುತ್ತದೆ. ಇಪ್ಪತ್ತು ವರ್ಷದ ಕೈ. ಕಣ್ಣಿಗೆ ಗೊತ್ತಾಗದ್ದು ಅದಕ್ಕೆ ಗೊತ್ತಿದೆ.

ಅತ್ತೆಯದೊಂದು ಕಾಟ. ಸದಾ ಆ ಕಿಟಕಿಯ ಹತ್ತಿರ, ನನ್ನ ಡಬ್ಬಿಗಳ ಹತ್ತಿರ. ಒಂದು ಡಬ್ಬಿಯ ಮುಚ್ಚಳ ಯಾವಾಗ ನೋಡಿದರೂ ಸಡಿಲ. ಪುಡಿಗೆ ತೇವ ಹಿಡಿಯುತ್ತದೆ, ಮುಟ್ಟಬೇಡಿ ಎಂದು ಹೇಳಿದೆ. "ಆಯ್ತಪ್ಪಾ" ಅಂದರು. ಮರುದಿನ ಮತ್ತೆ ಸಡಿಲ.

ಮಾರ್ಚ್ 22, ಶನಿವಾರ. ಸಂಜೆ

ಚರಂಡಿಗೆ ಬಿದ್ದೆ. ನಮ್ಮ ವಠಾರದ ಎದುರಿನದೇ. ಮಂಡಿ ಕಿತ್ತುಹೋಯಿತು. ಬೈಕಿನವನೊಬ್ಬ ಅಡ್ಡ ಬಂದ ಎಂದು ಅಫ್ರಕೋಮಾಳಿಗೆ ಸುಳ್ಳು ಹೇಳಿದೆ. ಅವಳು ಬೈಕಿನವರ ವಂಶವನ್ನೆಲ್ಲ ಬೈದಳು. ಅತ್ತೆ ಗಾಯ ತೊಳೆದರು, ಹರಿದ ಪ್ಯಾಂಟಿಗೆ ತೇಪೆ ಹಾಕಲು ಕೂತರು.

ಕಣ್ಣಿನ ವಿಷಯ ಯಾಕೆ ಹೇಳುವುದಿಲ್ಲ ಎಂದರೆ, ನಮ್ಮ ಸೋದರಮಾವನಿಗೆ ಹೀಗೇ ಆಗಿತ್ತು. ನನಗೆ ಆಗ ಹತ್ತು ವರ್ಷ. ಕಣ್ಣು ಹೋಗುತ್ತಿದೆ ಎಂದು ಅವನು ಬಾಯಿ ಬಿಟ್ಟ ದಿನವೇ, ತಿಂದವರು ಯಾರು ಎಂದು ನಮ್ಮ ಕುಟುಂಬ ಹುಡುಕಲು ಹೊರಟಿತು. ಕಣ್ಣು ತಾನಾಗಿ ಹೋಗುವುದಿಲ್ಲ, ಯಾರೋ ತಿನ್ನುತ್ತಾರೆ. ಕಡೆಗೆ ಅವನ ಹೆಂಡತಿ ಎಂದಾಯಿತು. ಆಕೆ ಒಂದು ಕೈಚೀಲ ಹಿಡಿದು ಹೋದದ್ದು ನೆನಪಿದೆ. ಮಾವನ ಕಣ್ಣು ಬರಲಿಲ್ಲ.

ಆಸ್ಪತ್ರೆಯ ಕಾರ್ಡು ಈ ನೋಟ್‌ಬುಕ್ಕಿನ ರಟ್ಟಿನ ಒಳಗೇ ಇದೆ. ಗ್ಲಾಕೋಮಾ ಎಂದು ಬರೆದಿದ್ದಾರೆ. ಹೋದ ವರ್ಷ ಜನವರಿಯ ತಾರೀಖು.

ಏಪ್ರಿಲ್ 2, ಬುಧವಾರ

ಟ್ರೋಟ್ರೋ ವ್ಯಾನುಗಳ ನಿಲ್ದಾಣದ ಫೋಸು ಬಂದಿದ್ದ. ಅವನ ಗೆಳೆಯ ಬಾಫೂರ್, ಇಪ್ಪತ್ತನಾಲ್ಕು ವರ್ಷದವನು, ವ್ಯಾನಿನ ಬಾಗಿಲಲ್ಲಿ ನೇತಾಡುತ್ತ ಊರೂರ ಹೆಸರು ಕೂಗುತ್ತಿದ್ದವನು, ಮೂರು ವಾರದ ಹಿಂದೆ ಬಿದ್ದು ಸತ್ತ. ಹೆಣ ಇನ್ನೂ ಶವಾಗಾರದಲ್ಲಿದೆ, ಶನಿವಾರ ಮಣ್ಣು ಮಾಡುವ ದೊಡ್ಡ ಕಾರ್ಯ. ನಿಲ್ದಾಣದ ಹುಡುಗರೆಲ್ಲ ಒಂದೇ ಥರ ಕರಿ ಜೀನ್ಸು ಹಾಕಿ ಪೆಟ್ಟಿಗೆ ಹೊರಬೇಕಂತೆ. ಹತ್ತೊಂಬತ್ತು. ಎಲ್ಲ ಹಳೆಯವು, ಒಂದೊಂದು ಒಂದೊಂದು ಬಣ್ಣ.

"ಮಾಸ್ಟರ್, ರಾತ್ರಿ ಥರ ಕಪ್ಪಾಗಬೇಕು. ಅವನ ತಾಯಿ ನೋಡಬೇಕು" ಅಂದ ಫೋಸು. ಆಗುತ್ತದೆ ಎಂದೆ. ಈ ವರ್ಷ ಇದಕ್ಕಿಂತ ದೊಡ್ಡ ಕೆಲಸ ಬಂದಿಲ್ಲ. ಖುಷಿಯಾಯಿತು. ಹುಡುಗ ಸತ್ತು ನನಗೆ ಖುಷಿ. ಇರಲಿ.

ಇವತ್ತು ನೀಲಿಯವು ನಾಲ್ಕು ಮುಗಿಸಿದೆ. ಡಬ್ಬಿಗಳ ಮುಚ್ಚಳ ನಾನೇ ಒತ್ತಿ ಬಿಗಿ ಮಾಡಿದೆ.

ಏಪ್ರಿಲ್ 4, ಶುಕ್ರವಾರ

ಮಳೆ. ಕರೆಂಟು ಇಲ್ಲ. ಅತ್ತೆಗೆ ನಿನ್ನೆಯಿಂದ ಜ್ವರ, ಚಾಪೆ ಬಿಟ್ಟು ಎದ್ದಿಲ್ಲ. ಅಫ್ರಕೋಮಾ ಜೋಳದ ಕೆಂಕಿ ಕಡುಬು ಮಾರಲು ಹೋದವಳು ಮಳೆಯಲ್ಲಿ ಸಿಕ್ಕಿಕೊಂಡಿದ್ದಾಳೆ.

ಒಬ್ಬನೇ ಮಾಡಿದೆ. ಮೂರು ಒಲೆ, ಮೂರು ಪಾತ್ರೆ. ಉಪ್ಪು, ಕುದಿನೀರು. ಡಬ್ಬಿಗಳ ಹತ್ತಿರ ಹೋದರೆ ಎರಡರ ಮುಚ್ಚಳವೂ ಬಿಗಿ. ಸದ್ಯ ಅತ್ತೆಗೆ ಬುದ್ಧಿ ಬಂತು ಅಂದುಕೊಂಡೆ. ಬಲಗಡೆಯದನ್ನು ಚಮಚದ ಹಿಡಿಯಿಂದ ಮೀಟಿ ತೆಗೆದೆ. ಕೈಗೆ ಗೊತ್ತಿದೆಯಲ್ಲ.

ಕೋಲಿನಲ್ಲಿ ತಿರುವುತ್ತ ತಿರುವುತ್ತ ಭುಜ ಬಿದ್ದುಹೋಯಿತು. ಹೊರಗೆ ಹರವುವ ಹಾಗಿಲ್ಲ. ಒಳಗೇ ಹಗ್ಗ ಕಟ್ಟಿದೆ. ಕೋಣೆಯ ತುಂಬ ಹತ್ತೊಂಬತ್ತು ಜೋಡಿ ಕಾಲು ತೊಟ್ಟಿಕ್ಕುತ್ತ ನಿಂತಿವೆ. ಬೆಳಕು ಹರಿಯುವ ಮೊದಲೇ ಬಂದು ಒಯ್ಯುತ್ತಾರಂತೆ, ಶವಾಗಾರಕ್ಕೆ ಹೋಗಬೇಕು.

ಏಪ್ರಿಲ್ 5, ಶನಿವಾರ. ಸಂಜೆ ಆರು

ಫೋಸು ಈಗಷ್ಟೇ ಹೋದ.

ನೀಲಿ. ಹತ್ತೊಂಬತ್ತೂ ನೀಲಿ.

ಕತ್ತಲಲ್ಲಿ ಅರೆ ಒಣಗಿದ್ದನ್ನೇ ಹಾಕಿಕೊಂಡು ಹೋದರಂತೆ. ಬಿಸಿಲು ಬಂದಾಗ ಪೆಟ್ಟಿಗೆ ಆಗಲೇ ಹೆಗಲ ಮೇಲಿತ್ತು. ಇಡೀ ಬಯಲೆಲ್ಲ ಸೂತಕದ ಕಪ್ಪು, ಕೆಂಪು. ನಡುವೆ ಹಬ್ಬಕ್ಕೆ ಹೊರಟವರ ಹಾಗೆ ಇವರ ನೀಲಿ ಕಾಲುಗಳು. ಬಾಫೂರನ ತಾಯಿ ಕುರ್ಚಿಯಿಂದ ಎದ್ದು ಬಂದು ಫೋಸುವಿನ ಪ್ಯಾಂಟನ್ನು ಬೆರಳಲ್ಲಿ ಹಿಡಿದು ಕೇಳಿದಳಂತೆ, "ನನ್ನ ಮಗ ಸತ್ತಿದ್ದು ನಿಮಗ್ಯಾರೂ ಹೇಳ್ಲಿಲ್ವಾ?"

ಇದನ್ನೆಲ್ಲ ಫೋಸು ನಮ್ಮ ಅಂಗಳದಲ್ಲಿ ನಿಂತು ಹೇಳಿದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಹತ್ತೊಂಬತ್ತನ್ನೂ ಕೆಸರಿಗೆ ಹಾಕಿ ಹೋದ. ವಠಾರದ ಏಳು ಮನೆಯವರೂ ಬಾಗಿಲಿಗೆ ಬಂದಿದ್ದರು. ರಾತ್ರಿಯೂಟಕ್ಕೆ ಗೆಣಸಿನ ಫುಫು ಕುಟ್ಟುವ ಒನಕೆ ಕೂಡ ನಿಂತಿತ್ತು.

ಆಗ ನಾನು ಅಂದದ್ದು ಬರೆದಿಡಬೇಕು. ಅಂದೆ, "ನಮ್ಮತ್ತೆ. ನಮ್ಮತ್ತೆ ಡಬ್ಬಿ ಅದಲು ಬದಲು ಮಾಡಿದ್ದಾರೆ. ಮುಟ್ಟಬೇಡಿ ಅಂತ ನೂರು ಸಲ ಹೇಳಿದ್ದೆ."

ಎಲ್ಲರೂ ಕೇಳಿಸಿಕೊಂಡರು. ಅತ್ತೆ ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದರು, ಜ್ವರದಲ್ಲೇ. ನನ್ನ ಮುಖವನ್ನೇ ನೋಡಿದರು. ಆಮೇಲೆ ಕೆಸರಿಗಿಳಿದು ಪ್ಯಾಂಟುಗಳನ್ನು ಒಂದೊಂದಾಗಿ ಎತ್ತಿಕೊಂಡರು. ನಾನು ಒಳಗೆ ಬಂದು ಕೂತೆ. ನಾಚಿಕೆ ಇಲ್ಲದ ಮನುಷ್ಯ ನಾನು.

ಏಪ್ರಿಲ್ 7, ಸೋಮವಾರ

ನಮ್ಮ ಅಕ್ಕ ಅಚಿಯಾ ಬಂದಿದ್ದಾಳೆ. ನಮ್ಮ ಕುಟುಂಬದಲ್ಲಿ ಅವಳ ಮಾತು ಅಂದರೆ ಮುಗಿಯಿತು. ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ. ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಪಕ್ಕದಲ್ಲಿ ಕೈ ಆಡಿಸಿ, ಎಷ್ಟು ಬೆರಳು ಅಂದಳು. ಕೈಯೇ ಕಾಣಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ ನಿಂತೆ. ಅವಳಿಗೆ ಅರ್ಥವಾಯಿತು. ಸೋದರಮಾವನನ್ನು ಕಂಡವಳು ಅವಳೂ.

ಎದೆ ಬಡಿದುಕೊಂಡು ಅತ್ತಳು. ಅಕ್ಕನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದಲ್ಲ. ಅತ್ತು ಮುಗಿಸಿ, ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಅತ್ತೆಯ ಕಡೆ ತಿರುಗಿದಳು.

"ಎಪ್ಪತ್ತನಾಲ್ಕು ವರ್ಷಕ್ಕೆ ಸೂಜಿಗೆ ದಾರ ಪೋಣಿಸ್ತಾಳಲ್ಲ ಈ ಮುದುಕಿ. ಯಾರ ಕಣ್ಣಿಂದ?"

ಅಫ್ರಕೋಮಾ ಕಂಬದ ಹಾಗೆ ನಿಂತಿದ್ದಳು. ಅತ್ತೆ ಕಡಲೆಕಾಯಿ ಕೆಳಗಿಟ್ಟು ಹೇಳಿದರು, "ಇವನ ಕಣ್ಣು ಮಂಜಾಗಿದ್ದು ನಂಗೆ ಗೊತ್ತಿತ್ತು. ಕ್ರಿಸ್‌ಮಸ್ಸಿಂದ ಗೊತ್ತಿತ್ತು." ಅಷ್ಟೇ ಸಾಕಾಯಿತು ಅಕ್ಕನಿಗೆ. ಕಟ್ಟಿಕೊಂಡ ಹೆಂಡತಿಗೆ ಗೊತ್ತಿಲ್ಲ, ಒಡಹುಟ್ಟಿದವಳಿಗೆ ಗೊತ್ತಿಲ್ಲ, ನಿನಗೊಬ್ಬಳಿಗೆ ಹೇಗೆ ಗೊತ್ತಾಯಿತು ಎಂದಳು. ಅತ್ತೆ ಮತ್ತೆ ಕಡಲೆಕಾಯಿ ಕೈಗೆತ್ತಿಕೊಂಡರು.

ಕಾರ್ಡು ನನ್ನಿಂದ ಎರಡು ಮಾರು ದೂರದಲ್ಲಿತ್ತು. ಎದ್ದು ತಂದು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಹೋದ ವರ್ಷದ ತಾರೀಖು. ಹನಿ ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ಕುರುಡ ದರ್ಜಿ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ನಾಳೆ ತೋರಿಸಿದರಾಯಿತು ಎಂದುಕೊಂಡೆ.

ಏಪ್ರಿಲ್ 10, ಗುರುವಾರ

ತೋರಿಸಲಿಲ್ಲ.

ಅಕ್ಕ ನನ್ನನ್ನು ಪ್ರಾರ್ಥನೆಯಿಂದ ಕಾಯಿಲೆ ಬಿಡಿಸುವ ಒಬ್ಬ ಪ್ರವಾದಿಯ ಹತ್ತಿರ ಕರೆದೊಯ್ದಳು. ಕಣ್ಣಿಗೆ ಎಣ್ಣೆ ಬಿಟ್ಟ. ಮನೆಯಲ್ಲಿರುವ ಹಿರಿಯ ಹೆಂಗಸು ಹೊರಗೆ ಹೋದ ದಿನ ಕಣ್ಣು ಒಳಗೆ ಬರುತ್ತದೆ ಎಂದ. ಆಸ್ಪತ್ರೆಯ ಹನಿಗಿಂತ ಹೆಚ್ಚು ಉರಿಯಿತು ಆ ಎಣ್ಣೆ.

ಮಧ್ಯಾಹ್ನ ಅತ್ತೆಯ ಊರಿನಿಂದ ಅವರ ತಮ್ಮನ ಮಗ ಬಂದ. ಮಂಪಾಂಗ್ ದಾಟಿ ಎರಡು ಗಂಟೆಯ ದಾರಿ. ಅವರ ಸಾಮಾನು ಒಂದು ಕೈಚೀಲ. ಅಂದು ಸೋದರಮಾವನ ಹೆಂಡತಿಯದೂ ಒಂದೇ ಕೈಚೀಲ ಇತ್ತು. ಜ್ವರ ಪೂರ್ತಿ ಬಿಟ್ಟಿರಲಿಲ್ಲ, ನಡೆಯುವಾಗ ಕಾಲು ಎಳೆಯುತ್ತಿದ್ದರು. ಹೊರಟವರು ಕಿಟಕಿಯ ಹತ್ತಿರ ನಿಂತರು, ನನ್ನ ಡಬ್ಬಿಗಳ ಹತ್ತಿರ. ಏನೋ ಮಾಡುತ್ತಿದ್ದರು, ನನಗೆ ಬೆನ್ನು ಮಾತ್ರ ಕಂಡಿತು. ಹೋಗುವಾಗಲೂ ಬಿಡಲಿಲ್ಲವಲ್ಲ ಎಂದು ಅಕ್ಕ ಹರಿಹಾಯ್ದಳು.

ಅತ್ತೆ ನನ್ನ ಹತ್ತಿರ ಬಂದು ಮುಂಗೈ ಮುಟ್ಟಿದರು. "ಕ್ವಾಕು, ಮುಂದೆ ನಿಂಗೆ ಬೇಕಾಗೋದು ಕಪ್ಪೇ ಅಪ್ಪಾ."

ನೋಡಿದಿರಾ ಶಾಪ ಹಾಕಿದಳು, ಪೂರಾ ಕುರುಡ ಮಾಡಿ ಹೋಗುತ್ತಾಳಂತೆ, ಎಂದು ಅಕ್ಕ ವಠಾರಕ್ಕೆಲ್ಲ ಸಾರಿದಳು. ನನಗೂ ಹಾಗೇ ಕೇಳಿಸಿತು.

ಮೇ 3, ಶನಿವಾರ

ಬಹಳ ದಿನವಾಯಿತು ಬರೆದು. ಬರೆಯಲು ಏನೂ ಇಲ್ಲ. ಕೆಲಸ ಇಲ್ಲ. ಫೋಸುವಿನ ಕಡೆಯವರು ಹೇಳಿದರೋ, ಜನರೇ ಹೇಳಿಕೊಂಡರೋ, ಯಾರೂ ಬರುತ್ತಿಲ್ಲ. ಒಲೆ ಹಚ್ಚಿಲ್ಲ, ಡಬ್ಬಿ ಮುಟ್ಟಿಲ್ಲ. ಆ ಹತ್ತೊಂಬತ್ತು ಪ್ಯಾಂಟು ಮೂಲೆಯಲ್ಲಿವೆ. ಅತ್ತೆ ಹೋಗುವ ಮೊದಲು ಒಗೆದು, ಒಣಗಿಸಿ, ಮಡಿಸಿಟ್ಟಿದ್ದು.

ಮನೆಯಲ್ಲಿದ್ದ ಹಿರಿಯ ಹೆಂಗಸು ಹೋದಳು. ಕಣ್ಣು ಒಳಗೆ ಬರಲಿಲ್ಲ. ಎಡಗಣ್ಣಿನಲ್ಲಿ ಈಗ ಒಂದು ಬಟ್ಟಲಿನಷ್ಟು ಜಗತ್ತು. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ.

ಅಫ್ರಕೋಮಾ ಊರಿಗೆ ಹೋಗಿ ತಾಯಿಯನ್ನು ನೋಡಿಕೊಂಡು ಇವತ್ತು ಬಂದಳು. ಅತ್ತೆ ಎದ್ದು ಓಡಾಡುತ್ತಿಲ್ಲವಂತೆ. ಕೇರಿಯವರು ನೀರು ತರಲೂ ಬರುವುದಿಲ್ಲವಂತೆ, ಸುದ್ದಿ ಅಲ್ಲಿಗೂ ಹೋಗಿದೆ. ಊಟಕ್ಕೆ ಕೂತಾಗ, ತಟ್ಟೆ ನೋಡುತ್ತ, ಇನ್ನೊಂದನ್ನು ಹೇಳಿದಳು.

"ಡಬ್ಬಿ ಮುಟ್ಟುತ್ತಿದ್ದಳಲ್ಲ ನಮ್ಮವ್ವ. ನೀನು ಇವತ್ತು ಕಪ್ಪು ಅಂದ್ರೆ ಕಪ್ಪಿಂದು, ನೀಲಿ ಅಂದ್ರೆ ನೀಲೀದು, ಕಾಗದದ ಮೇಲೆ ಹಾಕಿ ನೋಡಿ ಬಲಗಡೆ ಇಟ್ಟು ಮುಚ್ಚಳ ಸಡಿಲ ಮಾಡ್ತಿದ್ದಳಂತೆ. ಬಿಗಿ ಇರೋದನ್ನ ನೀನು ತೆಗೆಯಲ್ಲ, ಸೋಮಾರಿ ಅಂತ ಗೊತ್ತಿತ್ತಂತೆ. ಆ ಶುಕ್ರವಾರ ಒಂದಿನ ಏಳೋಕಾಗ್ಲಿಲ್ಲ, ನನ್ನಿಂದ ಮೋಸ ಆಯ್ತು ಅಂತಾಳೆ."

ಅತ್ತೆ ಹಾಗನ್ನುತ್ತಾರೆ. ಅವರಿಂದ ಮೋಸ ಆಯಿತಂತೆ.

ತಟ್ಟೆ ಪಕ್ಕಕ್ಕೆ ಸರಿಸಿದೆ. ಇಪ್ಪತ್ತು ವರ್ಷದ ಕೈ ಎಂದು ಹೆಮ್ಮೆಪಟ್ಟೆನಲ್ಲ. ಅದು ನನ್ನ ಕೈಯೇ ಆಗಿರಲಿಲ್ಲ.

ಮೇ 4, ಭಾನುವಾರ

ಮುಂದಿನ ಭಾನುವಾರ ಹೋಗುತ್ತೇನೆ. ಕಾರ್ಡು ತೆಗೆದುಕೊಂಡು. ಅವರ ಊರಿನ ಹಿರಿಯರನ್ನು ಕೂರಿಸಿ, ಓದು ಬಲ್ಲವರಿಂದ ಗಟ್ಟಿಯಾಗಿ ಓದಿಸುತ್ತೇನೆ. ಇದು ಕಾಯಿಲೆ, ನನಗೆ ಹೋದ ವರ್ಷವೇ ಗೊತ್ತಿತ್ತು, ಈಕೆ ನನ್ನ ಕಣ್ಣು ತಿಂದವರಲ್ಲ, ನನ್ನ ಕಣ್ಣಾಗಿದ್ದವರು ಎಂದು ಹೇಳುತ್ತೇನೆ. ಅತ್ತೆಯನ್ನು ಕರೆದುಕೊಂಡು ಬರುತ್ತೇನೆ.

ಇವತ್ತೇ ಯಾಕಲ್ಲ? ಇವತ್ತು ಅಕ್ಕ ಬರುತ್ತಾಳೆ.

ಮೇ 11, ಭಾನುವಾರ

ಹೋಗಲಿಲ್ಲ. ಬೆಳಿಗ್ಗೆ ಮಳೆ. ಮಳೆ ಹತ್ತಕ್ಕೇ ನಿಂತಿತು. ಆಮೇಲೂ ಹೋಗಲಿಲ್ಲ. ಬಸ್ಸಿನ ಬೋರ್ಡು ಓದಲಾಗುವುದಿಲ್ಲ, ಯಾರನ್ನಾದರೂ ಕೇಳಬೇಕು... ಇದೂ ನೆಪ. ಹೆದರಿಕೆ. ಅಷ್ಟೇ.

ಮೇ 14, ಬುಧವಾರ

ನಿನ್ನೆ ಅತ್ತೆ ಹೋದರು.

ಫೋನು ಬಂದಾಗ ಅಫ್ರಕೋಮಾ ಕೆಂಕಿಗೆ ಎಲೆ ಸುತ್ತುತ್ತಿದ್ದಳು. ಕೇಳಿಸಿಕೊಂಡು, ಫೋನು ಕೆಳಗಿಟ್ಟು, ಉಳಿದ ಹಿಟ್ಟಿಗೂ ಎಲೆ ಸುತ್ತಿ ಮುಗಿಸಿದಳು. ಆಮೇಲೆ ಅತ್ತಳು.

ರಟ್ಟಿನಿಂದ ಕಾರ್ಡು ತೆಗೆದು ಅವಳ ಕೈಗೆ ಕೊಟ್ಟೆ. ಯಾಕೆ ಆಗಲೇ ಕೊಟ್ಟೆನೋ. ಓದಿದಳು. ತಾರೀಖು ಎರಡು ಸಲ ಓದಿದಳು, ಬೆರಳಿಟ್ಟು.

"ಇದನ್ನ ನೀನು ಅವತ್ತು ಅಂಗಳದಲ್ಲಿ ಕೊಟ್ಟಿದ್ರೆ ನಮ್ಮವ್ವ ಈ ಮನೇಲಿ ಸಾಯ್ತಿದ್ಲು."

ಬದುಕುತ್ತಿದ್ದಳು ಅನ್ನಲಿಲ್ಲ. ಈ ಮನೆಯಲ್ಲಿ ಸಾಯುತ್ತಿದ್ದಳು ಅಂದಳು. ಅಷ್ಟೂ ಸಿಗಲಿಲ್ಲ ಅವರಿಗೆ. ಕಾರ್ಡು ತೆಗೆದುಕೊಂಡು ಊರಿಗೆ ಹೊರಟಳು. ಎಂಟನೇ ದಿನ ಎಲ್ಲ ಸೇರಿದಾಗ ತಾನೇ ಓದುತ್ತಾಳಂತೆ. ನೀನೂ ಬಾ ಎಂದು ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಮಂಗಳವಾರಕ್ಕೆ ಎಂಟು.

ಮೇ 19, ಸೋಮವಾರ. ಬೆಳಿಗ್ಗೆ

ಗೆರೆಯ ಮೇಲೆ ಗೆರೆ ಬರುತ್ತಿರಬಹುದು. ಬರಲಿ. ಓದುವವರು ಯಾರೂ ಇಲ್ಲ. ಇನ್ನು ಮೇಲೆ ನಾನೂ ಓದಲಾರೆ.

ಹೋಗುತ್ತೇನೆ. ನಾಳೆ ನಸುಕಿಗೆ. ಅಫ್ರಕೋಮಾ ಕಾರ್ಡು ಓದುವಾಗ ಎದ್ದು ನಿಲ್ಲಬೇಕು, ಎಲ್ಲರೂ ನನ್ನ ಮುಖ ನೋಡಬೇಕು. ಅಳಿಯ ಕಪ್ಪು ಹಾಕಿಕೊಳ್ಳದೆ ಹೋಗುವ ಹಾಗಿಲ್ಲ. ಸೂತಕಕ್ಕೆ ಹೊದೆಯುವ ಕರಿ ಬಟ್ಟೆ ಪೆಟ್ಟಿಗೆಯಲ್ಲಿದೆ, ಕೀಲಿ ಅಫ್ರಕೋಮಾಳ ಹತ್ತಿರ. ಇರುವುದು ನನ್ನ ಒಂದು ಜೀನ್ಸು. ಮಂಡಿ ಬೆಳ್ಳಗಾಗಿದೆ. ಚರಂಡಿಗೆ ಬಿದ್ದಾಗ ಹರಿದದ್ದಕ್ಕೆ ಅತ್ತೆ ಹಾಕಿದ ತೇಪೆ ಇದೆ, ಹೊಲಿಗೆ ಎಷ್ಟು ಸಣ್ಣದೆಂದರೆ ಬೆರಳಿಗೂ ಸಿಗುವುದಿಲ್ಲ. ಜೇಬು ತಡಕಿದೆ. ಖಾಲಿ. ನೀರು ಕುದಿಯುತ್ತಿದೆ, ಉಪ್ಪು ಹಾಕಿದೆ.

ಎರಡು ಡಬ್ಬಿ. ಒಂದು ಕಪ್ಪು, ಒಂದು ನೀಲಿ. ಕಾಗದ ಒದ್ದೆ ಮಾಡಿ ಎರಡರದೂ ಚಿಟಿಕೆ ಹಾಕಿ ನೋಡಬೇಕು. ನೋಡಿದರೆ ಏನು ಕಾಣುತ್ತದೆ ಗೊತ್ತಿದೆ. ಪಕ್ಕದ ಮನೆಯವರನ್ನು ಕರೆಯಬಹುದು, ಅತ್ತೆ ಹೋದ ಮೇಲೆ ಅವರು ನಮ್ಮ ಹೊಸ್ತಿಲು ತುಳಿದಿಲ್ಲ. ಅಕ್ಕ ಸಂಜೆ ಬರುತ್ತಾಳೆ. ಅತ್ತೆಯ ಸಾವಿಗೆ ಹಾಕಿಕೊಳ್ಳುವ ಕಪ್ಪನ್ನು ಅಕ್ಕನ ಕಣ್ಣಿಂದ ಆರಿಸಲೇ? ಅದಕ್ಕಿಂತ ನೀಲಿಯಲ್ಲೇ ಹೋಗುತ್ತೇನೆ. ಊರೆಲ್ಲ ನಗಲಿ.

ಅತ್ತೆ ಊರಿಗೆ ಹೋದ ಮೇಲೆ ಈ ಡಬ್ಬಿಗಳನ್ನು ಮುಟ್ಟಿಯೇ ಇಲ್ಲ. ಆ ದಿನ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದರಲ್ಲ. ಮುಂದೆ ನಿನಗೆ ಬೇಕಾಗುವುದು ಕಪ್ಪೇ ಅಂದರಲ್ಲ.

ಎಡಗಡೆಯದರ ಮೇಲೆ ಕೈ ಇಟ್ಟೆ. ಬಿಗಿ. ಉಗುರಿಗೂ ಜಗ್ಗುವುದಿಲ್ಲ.

ಬಲಗಡೆಯದು ಸಡಿಲ. ಅತ್ತೆ...